ಸ್ಕೋಪ್ ಕೊಳ್ಳುವ ಮೊದಲು ಹದಿನೈದು ಮೀಟರ್ ಅಳೆಯಿರಿ

ಏರ್‌ಗನ್ನಿಗೆ ಸ್ಕೋಪ್ ಹಾಕಿಸಬೇಕು ಅಂತ ಮನಸ್ಸು ಮಾಡಿಕೊಂಡಿರುವ ಕೊಡಗಿನ ತಮ್ಮಂದಿರಿಗೆ, ತಂಗಿಯರಿಗೆ,

ಕೈಲ್‌ಪೊಳ್ದ್ ಹಬ್ಬ ಮುಗಿದು ಇನ್ನೂ ತಿಂಗಳಾಗಿಲ್ಲ. ಪೂಜೆಗಿಟ್ಟ ಕೋವಿಯ ನಳಿಗೆಗೆ ಸಿಕ್ಕಿಸಿದ್ದ ತೋಕ್ ಪೂ ಒಣಗುವಷ್ಟರಲ್ಲೇ ನನ್ನ ಜಗಲಿಯಲ್ಲಿ ಆರು ಏರ್‌ಗನ್ ಸಾಲಾಗಿ ಒರಗಿ ನಿಂತಿದ್ದವು. ಆರಕ್ಕೂ ಸ್ಕೋಪ್ ಇತ್ತು. ಆರೂ ಮನೆಯವರ ದೂರು ಒಂದೇ: "ಅಂಕಲ್, ಇದು ಜೀರೋ ಆಗ್ತಾ ಇಲ್ಲ, ಗುರಿ ಇಟ್ಟಲ್ಲಿ ಪೆಲೆಟ್ ಬೀಳ್ತಾ ಇಲ್ಲ."

ಸೇನೆಯಲ್ಲಿ ಆರ್ಮರರ್ ಆಗಿ ಇಪ್ಪತ್ತೆರಡು ವರ್ಷ ಕೋತಿನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಕಳೆದವನು ನಾನು. ಊರಿಗೆ ಬಂದು ಕಾಫಿ ತೋಟ ನೋಡಿಕೊಂಡಿದ್ದರೂ ಕೈ ಸುಮ್ಮನಿರುವುದಿಲ್ಲ, ಹಾಗಾಗಿ ಊರಿನ ಕೆಟ್ಟ ಕೋವಿಗಳೆಲ್ಲ ಇಲ್ಲಿಗೆ ಬರುತ್ತವೆ. ಒಬ್ಬೊಬ್ಬರಿಗೂ ಅದೇ ಮಾತು ಹೇಳಿ ಹೇಳಿ ಸಾಕಾಯಿತು. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲನೇ ಕೋವಿಯ ಕತೆ ಕೇಳಿ. ಪಿಯುಸಿ ಓದುವ ಹುಡುಗಿ, ಅಪ್ಪನ ಜೊತೆ ಜೀಪಿನಲ್ಲಿ ಬಂದಳು. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಮಾಮೂಲಿ ಕೋವಿ. ಅದರ ಮೇಲೆ 6–24×50 ಸ್ಕೋಪ್. ನೋಡಲು ಭಾರೀ ಗತ್ತು: ಮುಂದೆ ಲೋಟದ ಬಾಯಿಯಷ್ಟು ಗಾಜು, ಒಳಗೆ ಕೆಂಪು-ಹಸಿರು ದೀಪ. ಬಿಚ್ಚಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಟಿಕ್ ಅಂತು. ಅವಳ ಕೈಗೆ ಕೊಟ್ಟು, "ನೀನೇ ಅಲ್ಲಾಡಿಸು" ಅಂದೆ. ಟಿಕ್. ಗಾಜು ಹಿಡಿದುಕೊಂಡಿರಬೇಕಾದ ಉಂಗುರ ಸಡಿಲವಾಗಿತ್ತು. ಹೊಸ ಸ್ಕೋಪ್, ಇನ್ನೂರು ಪೆಲೆಟ್ ಕೂಡ ಹೊಡೆದಿರಲಿಲ್ಲ.

ಅಪ್ಪ ಕೇಳಿದ್ದು: "ಇಷ್ಟು ದುಡ್ಡು ಕೊಟ್ಟಿದ್ದೇವೆ, ಇಪ್ಪತ್ತನಾಲ್ಕು ಪಟ್ಟು ದೊಡ್ಡದು ಕಾಣುತ್ತೆ, ಯಾಕೆ ಹಾಳಾಯ್ತು?" ಇಪ್ಪತ್ತನಾಲ್ಕು ಪಟ್ಟು ಅಂತ ನೋಡಿ ಕೊಂಡದ್ದೇ ತಪ್ಪಾಯಿತು ಅಂದೆ. ಅವರ ಮುಖ ಸಣ್ಣದಾಯಿತು. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ಮುಖಕ್ಕಾಗಿ.

ಪೆಟ್ಟಿಗೆಯ ಮೇಲಿನ ಅಂಕಿ ಓದುವುದು ಸುಲಭ. 3–9×40 ಅಂದರೆ ಕಣ್ಣಿನ ಕಡೆಯ ಉಂಗುರ ತಿರುಗಿಸಿದರೆ ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ಹತ್ತಿರ ತರುತ್ತದೆ, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್. ಈ ಅಳತೆ ಹೆಸರು ಮಾಡಿದ್ದು ನಮ್ಮ ಕಡೆಯಲ್ಲಲ್ಲ, ಅಮೆರಿಕದ ಜಿಂಕೆ ಬೇಟೆಗಾರರ ಕೈಯಲ್ಲಿ. ಅಲ್ಲಿಯವರು ನೂರು, ಇನ್ನೂರು ಗಜದಾಚೆಗೆ ಗುರಿ ಇಡುವವರು. ದೊಡ್ಡ ರೈಫಲ್ಲಿಗೆಂದು ಮಾಡಿದ ಸಾಧಾರಣ ಸ್ಕೋಪ್‌ಗಳನ್ನು ನೂರು ಗಜಕ್ಕೆ, ಅಂದರೆ 91 ಮೀಟರಿಗೆ, ಸ್ಪಷ್ಟವಾಗಿರುವಂತೆ ಕಾರ್ಖಾನೆಯಲ್ಲೇ ಕೂರಿಸಿ ಕಳಿಸುತ್ತಾರೆ. ಅದನ್ನು ತಂದು ನಾವು ಗದ್ದೆಯ ಬದುವಿನಿಂದ ಹದಿನೈದು ಮೀಟರ್ ದೂರದ ತೆಂಗಿನಕಾಯಿಗೆ ಹಿಡಿಯುತ್ತೇವೆ. ಕಾಯಿ ಮಂಜು ಮಂಜಾಗಿ ಕಾಣುತ್ತದೆ. ಮಂಜು ಕಂಡರೆ ಗಾಜು ಕಳಪೆ ಅಂದುಕೊಂಡು ಇನ್ನೂ ದೊಡ್ಡ ಅಂಕಿಯದಕ್ಕೆ ಆರ್ಡರ್ ಹಾಕುತ್ತೇವೆ.

ಮಂಜು ಹೋಗಲಿ, ಅದಕ್ಕಿಂತ ಕೆಟ್ಟದ್ದು ಪ್ಯಾರಲ್ಯಾಕ್ಸ್. ಹೆಸರಿಗೆ ಹೆದರಬೇಡಿ. ಬಸ್ಸಿನ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಸ್ಪೀಡೋಮೀಟರ್ ನೋಡಿದ್ದೀರಲ್ಲ? ಡ್ರೈವರಿಗೆ ಮುಳ್ಳು ನಲವತ್ತರ ಮೇಲೆ ಕಂಡರೆ ಓರೆಯಲ್ಲಿ ಕೂತ ನಿಮಗೆ ಬೇರೆ ಅಂಕಿಯ ಮೇಲೆ ಕಾಣುತ್ತದೆ. ಮುಳ್ಳು ಬೇರೆ ತಟ್ಟೆಯಲ್ಲಿ, ಅಂಕಿ ಬೇರೆ ತಟ್ಟೆಯಲ್ಲಿ ಇರುವುದರಿಂದ ಹಾಗೆ. ಸ್ಕೋಪಿನೊಳಗೂ ಅದೇ ಆಟ. ಗುರಿಯ ಬಿಂಬ ಒಂದು ತಟ್ಟೆಯಲ್ಲಿ, ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳ ಕ್ರಾಸ್ ಇನ್ನೊಂದರಲ್ಲಿ ಬಿದ್ದರೆ ಕೆನ್ನೆ ಸ್ವಲ್ಪ ಮೇಲೆ ಕೆಳಗೆ ಆದರೂ ಕ್ರಾಸ್ ಜಾಗ ಬಿಡುತ್ತದೆ. ಲೆಕ್ಕ ಹೇಳುತ್ತೇನೆ: 40 ಮಿ.ಮೀ. ಗಾಜಿನ, 91 ಮೀಟರಿಗೆ ಕೂರಿಸಿದ ಸ್ಕೋಪನ್ನು ಹದಿನೈದು ಮೀಟರಿಗೆ ಹಿಡಿದರೆ, ಕಣ್ಣು ಪೂರಾ ಅಂಚಿಗೆ ಸರಿದಾಗ ತಪ್ಪು ಸುಮಾರು 17 ಮಿಲಿಮೀಟರ್. ಕೋವಿ ಅಲುಗಿಲ್ಲ, ನೀವು ಉಸಿರು ಬಿಗಿಹಿಡಿದಿದ್ದೀರಿ, ಟ್ರಿಗರ್ ಮೆತ್ತಗೆ ಎಳೆದಿದ್ದೀರಿ. ಆದರೂ ಹದಿನೇಳು ಮಿಲಿಮೀಟರ್ ಆಚೆ. ಆಮೇಲೆ ಪೆಲೆಟ್ಟನ್ನು ಬೈಯುತ್ತೀರಿ.

ಇದಕ್ಕೆ ಮದ್ದು ಒಂದೇ. ದೂರಕ್ಕೆ ತಕ್ಕಂತೆ ಫೋಕಸ್ ತಿರುಗಿಸುವ ಉಂಗುರ ಇರುವ ಸ್ಕೋಪನ್ನೇ ತೆಗೆದುಕೊಳ್ಳಿ. ಕೆಲವಕ್ಕೆ ಅದು ಮುಂದಿನ ಗಾಜಿನ ಸುತ್ತ ಇರುತ್ತದೆ, ಪೆಟ್ಟಿಗೆಯ ಮೇಲೆ "ಎಒ" ಅಂತ ಬರೆದಿರುತ್ತಾರೆ. ಕೆಲವಕ್ಕೆ ಎಡಪಕ್ಕದಲ್ಲಿ ಗುಂಡಿಯಾಗಿ ಇರುತ್ತದೆ. ಎಲ್ಲಿದ್ದರೂ ಸರಿ, ಅದರ ಮೇಲಿನ ಅತಿ ಚಿಕ್ಕ ಅಂಕಿ ಓದಿ. 10 ಅಂತ ಇದ್ದರೆ ನಮ್ಮ ಅಂಗಳಕ್ಕೆ ಆಗುತ್ತದೆ. 50 ಅಂತ ಇದ್ದರೆ ಬಿಲ್ ಹಾಕಿಸಬೇಡಿ. ಪಾಯಿಂಟ್ 22 ರೈಫಲ್ ಇರುವ ಮನೆಯವರದು ಬೇರೆ ಲೆಕ್ಕ. ಆ ಕೋವಿಗೆಂದೇ ಮಾಡಿದ, 50 ಗಜಕ್ಕೆ ಕೂರಿಸಿದ ಸ್ಕೋಪ್ ಸಿಗುತ್ತದೆ, ಐವತ್ತು ಮೀಟರಿನ ಕಾಯಿಗೆ ಅದು ಹೇಳಿ ಮಾಡಿಸಿದ ಹಾಗೆ. ಅವರಿಗೆ ಈ ಉಂಗುರದ ಖರ್ಚೂ ಉಳಿಯುತ್ತದೆ.

ಇನ್ನು ಪಟ್ಟಿನ ಮಾತು. ಸಾಧಾರಣ 3–9 ಸ್ಕೋಪನ್ನು ಒಂಬತ್ತಕ್ಕೆ ತಿರುಗಿಸಿದರೆ ಹದಿನೈದು ಮೀಟರಿನಲ್ಲಿ ಸುಮಾರು ಅರವತ್ತೈದು ಸೆಂಟಿಮೀಟರ್ ಅಗಲ ಕಾಣುತ್ತದೆ. ಕಾಯಿ, ಅದನ್ನು ಸಿಕ್ಕಿಸಿದ ಕೋಲು, ಅಕ್ಕಪಕ್ಕ ಎಲ್ಲ ಕಣ್ಣಿಗೆ ಬೀಳುತ್ತದೆ. ಇಪ್ಪತ್ತನಾಲ್ಕಕ್ಕೆ ತಿರುಗಿಸಿ ನೋಡಿ: ಒಂದು ಗೇಣು. ಆ ಗೇಣಿನೊಳಗೆ ಕಾಯಿ ಹುಡುಕುವಷ್ಟರಲ್ಲಿ ಕೈ ಸೋತಿರುತ್ತದೆ. ಕಂಡ ಮೇಲಾದರೂ ಸುಖವಿದೆಯೇ? ಕಾಯಿ ಎಷ್ಟು ದೊಡ್ಡದಾಗಿ ಕಾಣುತ್ತದೋ ನಿಮ್ಮ ಎದೆಬಡಿತವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಂತು ಹೊಡೆಯುವ ಹುಡುಗರು ಆ ಕುಣಿತ ನೋಡಿ ಗಾಬರಿಯಾಗಿ, ಕ್ರಾಸ್ ಕಾಯಿಯ ಮೇಲೆ ಹಾಯುವ ಹೊತ್ತಿಗೆ ಟ್ರಿಗರನ್ನು ಕಿತ್ತುಬಿಡುತ್ತಾರೆ. ನಾಲ್ಕು ಪಟ್ಟಿನಲ್ಲಿ ನಿಂತು ಹೊಡೆದರೆ ಇದೇ ಹುಡುಗರ ಗ್ರೂಪಿಂಗ್, ಅಂದರೆ ಪೆಲೆಟ್ ಬೀಳುವ ಹರವು, ಅರ್ಧಕ್ಕೆ ಇಳಿದದ್ದನ್ನು ನನ್ನ ಅಂಗಳದಲ್ಲೇ ಕಂಡಿದ್ದೇನೆ.

ಬೆಳಕಿನ ಲೆಕ್ಕವೂ ಇದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಬರುವ ಅಂಕಿಯೇ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ. 40 ಭಾಗಿಸು 9 ಅಂದರೆ 4.4 ಮಿ.ಮೀ. 50 ಭಾಗಿಸು 24 ಅಂದರೆ 2.1. ಮಬ್ಬಿನಲ್ಲಿ ಪ್ರಾಯದವರ ಕಣ್ಣಿನ ಪಾಪೆ ಆರೇಳು ಮಿಲಿಮೀಟರಿನವರೆಗೆ ಅರಳುತ್ತದೆ, ನನ್ನಂಥವರದು ಐದಕ್ಕೇ ನಿಲ್ಲುತ್ತದೆ. ಸೆಪ್ಟೆಂಬರಿನ ಕೊಡಗಿನ ಆಕಾಶ ನಿಮಗೆ ಗೊತ್ತು. ಸಿಲ್ವರ್ ಮರದ ನೆರಳು ಬೇರೆ. ಅಲ್ಲಿ 2.1ರ ಬಿಲ್ಲೆ ಹಿಡಿದುಕೊಂಡರೆ ಕಾಯಿಯೂ ಕಪ್ಪು, ಕ್ರಾಸೂ ಕಪ್ಪು. ದೊಡ್ಡ ಗಾಜು ಹಾಕಿದ್ದೇವೆ ಬೆಳಕು ಜಾಸ್ತಿ ಅಂತ ಅಂಗಡಿಯವರು ಹೇಳುವುದು ಅರ್ಧ ಸತ್ಯ. ಪಟ್ಟು ಏರಿಸಿದ ತಕ್ಷಣ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುತ್ತದೆ. ಗಾಜಿನ ಮೇಲಿನ ಲೇಪವನ್ನಾದರೂ ವಿಚಾರಿಸಿ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರರಲ್ಲಿ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಸ್ಕೋಪಿನೊಳಗೆ ಅಂಥ ಮೈ ಹತ್ತಕ್ಕೂ ಹೆಚ್ಚು. "ಫುಲ್ಲಿ ಮಲ್ಟಿ ಕೋಟೆಡ್" ಎಂಬ ಮೂರು ಪದಗಳಿಗೆ ಕೊಡುವ ದುಡ್ಡು ದಂಡವಲ್ಲ. ಕೆಂಪು-ಹಸಿರು ದೀಪಕ್ಕೆ ಕೊಡುವುದು ದಂಡ.

ಈಗ ಆ ಹುಡುಗಿಯ ಸ್ಕೋಪಿನ ಟಿಕ್ ಸದ್ದಿಗೆ ಬರುತ್ತೇನೆ. ಹನ್ನೆರಡು ಬೋರಿನ ಕೋವಿ ಭುಜಕ್ಕೆ ಒದೆಯುವ ಒದೆತ ನಿಮಗೆಲ್ಲ ಗೊತ್ತು. ಅದರ ಮುಂದೆ ಏರ್‌ಗನ್ ಏನು ಮಹಾ ಅನ್ನಿಸುತ್ತದೆ. ಆದರೆ ಸ್ಕೋಪಿಗೆ ಸ್ಪ್ರಿಂಗ್ ಏರ್‌ಗನ್ನಿನಷ್ಟು ಕೆಟ್ಟ ಯಜಮಾನ ಇನ್ನೊಂದಿಲ್ಲ. ಟ್ರಿಗರ್ ಎಳೆದಾಗ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಕೋವಿ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತ ಕ್ಷಣಕ್ಕೆ ಕೋವಿ ಮುಂದಕ್ಕೆ ಎಗರುತ್ತದೆ. ಒಂದೇ ಹೊಡೆತಕ್ಕೆ ಹಿಂದೆ ಒಮ್ಮೆ, ಮುಂದೆ ಒಮ್ಮೆ. ದೊಡ್ಡ ರೈಫಲ್ಲಿಗೆಂದು ಮಾಡಿದ ಅಗ್ಗದ ಸ್ಕೋಪಿನಲ್ಲಿ ಗಾಜುಗಳನ್ನು ಹಿಂದಿನ ಒದೆತಕ್ಕೆ ಮಾತ್ರ ಬಿಗಿ ಮಾಡಿರುತ್ತಾರೆ. ಮುಂದಿನ ಎಗರಾಟಕ್ಕೆ ಉಂಗುರ ಸಡಿಲವಾಗುತ್ತದೆ, ಕ್ರಾಸ್ ತಿರುಗುತ್ತದೆ, ಕೆಲವೊಮ್ಮೆ ತುಂಡೂ ಆಗುತ್ತದೆ. ತೂಕ ಹೆಚ್ಚಾದಷ್ಟೂ ಪೆಟ್ಟು ಹೆಚ್ಚು. ಆದ್ದರಿಂದ "ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತೆ" ಅಂತ ಕಂಪನಿಯವರೇ ಬರೆದುಕೊಟ್ಟ ಹಗುರ ಸ್ಕೋಪ್ ತೆಗೆದುಕೊಳ್ಳಿ. ಅಂಗಡಿಯವರ ಬಾಯಿಮಾತು ಬೇಡ. ಗಾಳಿ ತುಂಬಿಸಿಕೊಳ್ಳುವ ಪಿಸಿಪಿ ಕೋವಿಯವರಿಗೆ ಈ ಕಾಟ ಇಲ್ಲ, ಅವರು ಈ ಪ್ಯಾರಾ ಮರೆಯಬಹುದು.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ನಿವೃತ್ತನಾದ ಹೊಸದರಲ್ಲಿ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಎರಡು ಸಾವಿರಕ್ಕೆ ಒಂದು ಸ್ಕೋಪ್ ಕೊಂಡೆ. ಮೇಲೆ ಹೆಸರಾಂತ ವಿದೇಶಿ ಕಂಪನಿಯ ಮುದ್ರೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಸೀರಿಯಲ್ ನಂಬರೇ ಇಲ್ಲ, ಪೆಟ್ಟಿಗೆಯ ಮೇಲೆ ಕಂಪನಿಯ ವಿಳಾಸವಿಲ್ಲ, ಇಂಗ್ಲಿಷಿನಲ್ಲಿ ಎರಡು ಕಡೆ ಅಕ್ಷರ ತಪ್ಪು. ಇಪ್ಪತ್ತೆರಡು ವರ್ಷ ಸರ್ಕಾರದ ಕೋವಿಗಳ ನಂಬರ್ ಓದಿ ಸಹಿ ಹಾಕಿದವನು ಸ್ವಂತ ದುಡ್ಡು ಕೊಡುವಾಗ ನಂಬರ್ ನೋಡಲಿಲ್ಲ. ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ದುಡ್ಡು ಕಮ್ಮಿ ಇದ್ದರೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನುವುದಿದೆ. ಪಟ್ಟು ಬಿಡಿ, ದೀಪ ಬಿಡಿ. ಕ್ರಾಸಿನ ಮೇಲೆ ಮುತ್ತು ಪೋಣಿಸಿದ ಹಾಗೆ ಚುಕ್ಕೆ ಇರುವುದನ್ನೂ ಬಿಡಬಹುದು. ಅಗ್ಗದ ಸ್ಕೋಪುಗಳಲ್ಲಿ ಆ ಚುಕ್ಕೆಗಳ ಅಳತೆ ಒಂದೇ ಒಂದು ಪಟ್ಟಿನಲ್ಲಿ ಸರಿ, ಸಾಮಾನ್ಯವಾಗಿ ಕೊನೆಯದರಲ್ಲಿ. ಉಂಗುರ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಮೌಂಟ್ ಮಾತ್ರ ಬಿಡಬೇಡಿ. ಎಲ್ಲರೂ ಸ್ಕೋಪಿಗೆ ಸಾವಿರಗಟ್ಟಲೆ ಸುರಿದು, ಅದನ್ನು ಹಿಡಿದುಕೊಳ್ಳುವ ಮೌಂಟಿಗೆ ಇನ್ನೂರು ರೂಪಾಯಿ ಕೊಡಲು ಚೌಕಾಸಿ ಮಾಡುತ್ತಾರೆ. ಜಗಲಿಗೆ ಬಂದ ಆರು ಕೋವಿಗಳಲ್ಲಿ ಮೂರರ ರೋಗ ಮೌಂಟಿನದೇ. ಏರ್‌ಗನ್ನಿನ ಮೇಲೆ ಮೌಂಟ್ ಕೂರುವ ಪಟ್ಟಿ ಸಾಮಾನ್ಯವಾಗಿ 11 ಮಿ.ಮೀ. ಅಗಲದ್ದು, ದೊಡ್ಡ ರೈಫಲ್ಲಿನ ಅಗಲ ಪಟ್ಟಿಯ ಮೌಂಟ್ ಅದಕ್ಕೆ ಕೂರುವುದಿಲ್ಲ. ಎರಡು ಬಿಡಿ ರಿಂಗಿಗಿಂತ ಒಂದೇ ತುಂಡಿನ ಮೌಂಟ್ ಒಳ್ಳೆಯದು. ಕೆಳಗೆ ಕೋವಿಯ ತೂತಿಗೆ ಇಳಿಯುವ ಪಿನ್ ಇರಬೇಕು. ಇಲ್ಲದಿದ್ದರೆ ಒಂದೊಂದು ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತದೆ. ಅನುಮಾನವಿದ್ದರೆ ಮೌಂಟಿನ ಹಿಂದೆ ಪೆನ್ಸಿಲಿನಲ್ಲಿ ಗೀಟು ಎಳೆದು ಐವತ್ತು ಪೆಲೆಟ್ ಹೊಡೆದು ನೋಡಿ. ಗೀಟು ಮುಚ್ಚಿಹೋಗಿದ್ದರೆ ಕಳ್ಳ ಸಿಕ್ಕಿದ.

ರಿಂಗಿನ ಸ್ಕ್ರೂಗಳನ್ನು ಓರೆಯಿಂದ ಓರೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಎರಡೂ ಪಕ್ಕದ ಸಂದು ಸಮ ಇರಬೇಕು. ಚಿಕ್ಕ ಅಲೆನ್ ಕೀಯನ್ನು ಎರಡೇ ಬೆರಳಲ್ಲಿ ಹಿಡಿದು ಆಗುವಷ್ಟು ಬಿಗಿ ಸಾಕು. ಗ್ಯಾರೇಜಿನವರಂತೆ ಪೈಪ್ ಹಾಕಿ ತಿರುಗಿಸಿದರೆ ಕೊಳವೆ ನೆಗ್ಗುತ್ತದೆ, ಒಳಗಿನ ಝೂಮ್ ಸಿಕ್ಕಿಕೊಳ್ಳುತ್ತದೆ.

ಮಡಚುವ ಕೋವಿಗಳ ಇನ್ನೊಂದು ಗುಟ್ಟು. "ಸ್ಕೋಪ್ ಇಲ್ಲದೆ ಚೆನ್ನಾಗಿ ಬೀಳುತ್ತೆ, ಸ್ಕೋಪ್ ಹಾಕಿದರೆ ಕೆಳಗೆ ಬೀಳುತ್ತೆ, ಎಷ್ಟು ತಿರುಗಿಸಿದರೂ ಮೇಲೆ ಬರಲ್ಲ" ಅಂತ ಇಬ್ಬರು ಬಂದಿದ್ದರು. ಇಂಥ ಕೋವಿಗಳಲ್ಲಿ ನಳಿಗೆ ಒಂದು ಚೂರು ತಲೆ ಬಗ್ಗಿಸಿರುವುದು ಸಹಜ. ಹಿಂದಿನ-ಮುಂದಿನ ಸೈಟ್ ಎರಡೂ ನಳಿಗೆಯ ಮೇಲೇ ಇರುವುದರಿಂದ ಅದು ಗೊತ್ತಾಗುವುದಿಲ್ಲ. ಸ್ಕೋಪ್ ಕೂರುವುದು ಹಿಂದಿನ ಕೊಳವೆಯ ಮೇಲೆ, ಅಲ್ಲಿ ಬಣ್ಣ ಬಯಲಾಗುತ್ತದೆ. ಮೇಲಿನ ಗುಂಡಿಯನ್ನು ಕೊನೆವರೆಗೆ ತಿರುಗಿಸಿಬಿಟ್ಟರೆ ಒಳಗಿನ ಸ್ಪ್ರಿಂಗ್ ಸಡಿಲಾಗಿ, ಕ್ರಾಸ್ ಒಂದೊಂದು ಹೊಡೆತಕ್ಕೂ ಒಂದೊಂದು ಕಡೆ ನಿಲ್ಲುತ್ತದೆ. ಹಿಂದಿನ ರಿಂಗಿನ ತಳಕ್ಕೆ ತೆಳುವಾದದ್ದೇನಾದರೂ ಕೊಟ್ಟು ಎತ್ತಬೇಕು. ನಾನು ಹಾಕುವುದು ಹಳೆಯ ಕ್ಯಾಮೆರಾ ಫಿಲ್ಮಿನ ಎರಡು ತುಂಡು. ನಮ್ಮ ಮದುವೆಯ ನೆಗೆಟಿವ್‌ಗಳು ಈಗ ಊರಿನ ನಾಲ್ಕು ಕೋವಿಗಳ ಹೊಟ್ಟೆಯಲ್ಲಿವೆ. (ಹೆಂಡತಿಗೆ ಇದು ಗೊತ್ತಿಲ್ಲ.) ಎರಡು ತುಂಡಿಗೂ ಆಗದಿದ್ದರೆ ಅದಕ್ಕೆಂದೇ ಓರೆ ಮಾಡಿದ ಮೌಂಟ್ ಸಿಗುತ್ತದೆ, ಅದನ್ನು ತನ್ನಿ.

ಕ್ಲಿಕ್ ವಿಷಯಕ್ಕೆ ಬಂದರೆ ಎಲ್ಲರೂ ಕಂಜೂಸ್. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ ನೂರು ಗಜದಲ್ಲಿ ಕಾಲು ಇಂಚು ಸರಿಸುತ್ತದೆ. ಅದೇ ಕ್ಲಿಕ್ ಹದಿನೈದು ಮೀಟರಿನಲ್ಲಿ ಒಂದೇ ಮಿಲಿಮೀಟರ್ ಚಿಲ್ಲರೆ. ಪೆಲೆಟ್ ಮೂರು ಸೆಂಟಿಮೀಟರ್ ಕೆಳಗೆ ಬಿದ್ದರೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಕ್ಲಿಕ್ ಮೇಲಕ್ಕೆ ಹೋಗಬೇಕು. ನೀವು ನಾಲ್ಕು ಕ್ಲಿಕ್ ತಿರುಗಿಸಿ "ಏನೂ ಆಗ್ತಿಲ್ಲ" ಅನ್ನುತ್ತೀರಿ. ಒಂದೇ ಪೆಲೆಟ್ ನೋಡಿ ತಿರುಗಿಸಲೂ ಬೇಡಿ. ಐದು ಹೊಡೆದು, ಆ ಗುಂಪಿನ ನಡುವಿನಿಂದ ಅಳೆಯಿರಿ.

ಸ್ಕೋಪ್ ಬಂದ ವಾರದೊಳಗೆ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ, ಪರೀಕ್ಷೆ ಮಾಡಿ. ಕೋವಿಯನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಕೂರಿಸಿ, ಮುಟ್ಟದೆ ಕಣ್ಣು ಮಾತ್ರ ಇಟ್ಟು ನೋಡುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸಿ. ಕ್ರಾಸ್ ಗುರಿಯ ಮೇಲೆ ತೇಲಿದರೆ ಫೋಕಸ್ ಉಂಗುರ ತಿರುಗಿಸಿ, ತೇಲುವುದು ನಿಲ್ಲಬೇಕು. ಯಾವ ಅಂಕಿಗೆ ನಿಂತಿತೋ ಅಲ್ಲಿ ಬಿಳಿ ಪೇಂಟಿನ ಚುಕ್ಕೆ ಇಡಿ, ಉಂಗುರದ ಮೇಲೆ ಅಚ್ಚಾದ ಅಂಕಿಯನ್ನು ಪೂರ್ತಿ ನಂಬಬೇಡಿ. ಆಮೇಲೆ ಝೂಮನ್ನು ಮೂರರಿಂದ ಒಂಬತ್ತಕ್ಕೆ ಒಯ್ದು ನೋಡಿ, ಕ್ರಾಸ್ ಇದ್ದಲ್ಲೇ ಇರಬೇಕು. ಕೊನೆಯದಾಗಿ ಚೌಕ ಹೊಡೆಯಿರಿ: ಒಂದು ಪೆಲೆಟ್ ಹೊಡೆದು ನಲವತ್ತು ಕ್ಲಿಕ್ ಮೇಲೆ, ಇನ್ನೊಂದು ಹೊಡೆದು ನಲವತ್ತು ಬಲಕ್ಕೆ, ಮತ್ತೊಂದು ಹೊಡೆದು ನಲವತ್ತು ಕೆಳಗೆ, ನಾಲ್ಕನೆಯದು ಹೊಡೆದು ನಲವತ್ತು ಎಡಕ್ಕೆ. ಪ್ರತಿ ಸಲವೂ ಮೊದಲಿನ ಚುಕ್ಕೆಗೇ ಗುರಿ. ಹದಿನೈದು ಮೀಟರಿನಲ್ಲಿ ಸುಮಾರು ನಾಲ್ಕೂಕಾಲು ಸೆಂಟಿಮೀಟರಿನ ಚೌಕ ಬಂದು, ಐದನೆಯ ಪೆಲೆಟ್ ಮೊದಲಿನ ತೂತಿನ ಹತ್ತಿರವೇ ಬಿದ್ದರೆ ಸ್ಕೋಪ್ ನಿಮ್ಮದು. ಬೀಳದಿದ್ದರೆ ಅಂಗಡಿಯವರದು.

ನಮ್ಮ ಮಳೆಗಾಲ ಗಾಜಿಗೆ ಶತ್ರು. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ ಸ್ಕೋಪ್ ಆದರೆ ಹೊರಗಿನ ಹನಿ ಒರೆಸಿದರೆ ಮುಗಿಯಿತು. ಒಳಗಡೆಯೇ ಮಂಜು ಕಟ್ಟಿದರೆ ಸೀಲ್ ಹೋಗಿದೆ ಅಂತ ಅರ್ಥ, ರಿಪೇರಿಗೆ ನನ್ನ ಹತ್ತಿರ ತರಬೇಡಿ. ಜೂನಿನಿಂದ ಅಕ್ಟೋಬರಿನವರೆಗೆ ಚರ್ಮದ ಚೀಲದೊಳಗೆ ಕಟ್ಟಿಡುವುದು ಬೇಡ. ಫಂಗಸ್ ಬೆಳೆದು ಗಾಜಿನ ಮೇಲೆ ಜೇಡರ ಬಲೆ ಹೆಣೆಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಒಣ ಬೀರು ಸಾಕು.

ಮಕ್ಕಳನ್ನು ಮುಂದೆ ದೊಡ್ಡ ಸ್ಪರ್ಧೆಗೆ ಕಳಿಸಬೇಕು ಅನ್ನುವ ತಂದೆತಾಯಿಗಳಿಗೆ ಒಂದು ಮಾತು: ಸ್ಕೋಪ್ ಕೊಡಿಸಲೇಬೇಡಿ. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್ ನಿಷಿದ್ಧ, ಸಣ್ಣ ತೂತಿನ ಸೈಟಿನಲ್ಲೇ ಹೊಡೆಯಬೇಕು. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ತಂದ ಚಿನ್ನ, ಭಾರತೀಯರೊಬ್ಬರು ಒಂಟಿಯಾಗಿ ಗೆದ್ದ ಮೊದಲ ಒಲಿಂಪಿಕ್ ಚಿನ್ನ, ಹಾಗೆ ಹೊಡೆದದ್ದೇ. ನಮ್ಮೂರಿನ ತೇಂಗೆ ಬೊಡಿಗೂ, ಅಂದರೆ ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆಗೂ, ಒಂದೊಂದು ಕಡೆ ಒಂದೊಂದು ನಿಯಮ. ಸ್ಕೋಪ್ ಬಿಡುತ್ತಾರೋ ಇಲ್ಲವೋ ಅಂತ ನಡೆಸುವವರನ್ನು ಮೊದಲು ಕೇಳಿ, ಆಮೇಲೆ ದುಡ್ಡು ಬಿಚ್ಚಿ.

ಹೇಳಲು ಬೇಸರವಾದರೂ ಹೇಳಲೇಬೇಕಾದ್ದೊಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಪಾಯಿಂಟ್ 177 ಬೋರಿನ, 20 ಜೌಲ್ ಮೀರದ ಏರ್‌ಗನ್ನಿಗೆ ಯಾರಿಗೂ ಲೈಸೆನ್ಸ್ ಬೇಡ. ಆದರೆ 1972ರ ವನ್ಯಜೀವಿ ಕಾಯ್ದೆಗೆ ಈ ವಿನಾಯಿತಿಗಳು ಅನ್ವಯಿಸುವುದಿಲ್ಲ. ಸ್ಕೋಪ್ ಸಿಕ್ಕಿದ ಮೊದಲ ವಾರ ಕೊಂಬೆಯ ಮೇಲಿನ ಗಿಳಿ, ಅಳಿಲು ಬಹಳ ಹತ್ತಿರ ಕಾಣುತ್ತವೆ. ಕೋವಿ ಕೆಳಗಿಡಿ. ಹಾಗೆಯೇ ಗೇಟಿನಲ್ಲಿ ಯಾರು ಬಂದರು ಅಂತ ಸ್ಕೋಪಿನಲ್ಲಿ ನೋಡುವ ಚಾಳಿ ಇಬ್ಬರಲ್ಲಿ ಕಂಡೆ. ಸ್ಕೋಪಿನಲ್ಲಿ ನೋಡುವುದು ಅಂದರೆ ನಳಿಗೆ ತೋರಿಸುವುದು. ನನ್ನ ಅಂಗಳದಲ್ಲಿ ಹಾಗೆ ಮಾಡಿದವರ ಕೋವಿ ಅವತ್ತು ವಾಪಸ್ ಹೋಗುವುದಿಲ್ಲ. ದೂರದ್ದು ನೋಡಬೇಕಾದರೆ ಬೈನಾಕ್ಯುಲರ್ ಕೊಳ್ಳಿ.

ಆ ಹುಡುಗಿಗೆ ಏನು ಹೇಳಿದೆ ಅಂತ ಕೇಳುತ್ತೀರಾದರೆ: 6–24 ಅನ್ನು ಬಿಲ್ ಸಮೇತ ವಾಪಸ್ ಕಳಿಸಿದೆವು. ಅದರ ಅರ್ಧ ಬೆಲೆಗೆ ಹತ್ತು ಗಜದಿಂದ ಫೋಕಸ್ ಆಗುವ 3–9×40 ಎಒ ಬಂತು, ಉಳಿದದ್ದರಲ್ಲಿ ಒಂದೇ ತುಂಡಿನ ಮೌಂಟ್, ಎರಡು ಡಬ್ಬಿ ಒಳ್ಳೆಯ ಪೆಲೆಟ್. ಆರಕ್ಕೆ ಇಟ್ಟುಕೊಂಡು ಹೊಡೆಯುತ್ತಾಳೆ. ಹದಿನೈದು ಮೀಟರಿನಲ್ಲಿ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ.

ಉಳಿದ ಐವರೂ ಈ ಭಾನುವಾರ ಬನ್ನಿ, ಹತ್ತು ಗಂಟೆಯ ಮೇಲೆ, ಮಳೆ ಇಲ್ಲದಿದ್ದರೆ. ಕೋವಿ ಖಾಲಿ ಇರಲಿ, ನಳಿಗೆ ಮಡಚಿರಲಿ. ಸ್ಕೋಪ್ ಬಂದ ಪೆಟ್ಟಿಗೆ ಮತ್ತು ಬಿಲ್ ತರುವುದನ್ನು ಮರೆಯಬೇಡಿ.

ಇಂತಿ,
ಜಗಲಿಯ ಹಳೇ ಆರ್ಮರರ್